ನನ್ನ ನರಕ್ಕೆ ನಾಯಿ ಕಚ್ಚಿದ ಸುದ್ದಿ

ಸ್ನೇಹಿತರೇ, ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವುದು ನಿಮಗೆ ಗೊತ್ತು. ಇವತ್ತು ಬಿ.ಸಿ.ರೋಡಿನಲ್ಲಿ ಮೂಡುಬಿದಿರೆ ಬಸ್ಸು ಹತ್ತುವಾಗ ಕಾಲು ತಡವರಿಸಿತು. ಮುಂದಿನ ಸೀಟಿನ ಅಜ್ಜಿ ಗದರಿಸಿದರು: "ಎಂತ ಮಾರಾಯಾ, ಬೆಳಿಗ್ಗೆಯೇ ಕುಡಿದು ಬಂದದ್ದಾ?"

"ಇಲ್ಲ ಅಜ್ಜಿ, ಕಾಯಿಲೆ ಉಂಟು. ನರದ ಮೇಲೆ ಒಂದು ಹೊದಿಕೆ ಇರ್ತದೆ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಅದನ್ನು ಹಾಳು ಮಾಡ್ತದೆ."

"ಅಂದ್ರೆ ಸಾಕಿದ ನಾಯಿಯೇ ಕಚ್ಚಿದ ಹಾಗಾ?"

"ಹೌದು, ಹಾಗೆಯೇ."

ಅಜ್ಜಿ ಮರುಗಿ, ಸರಿದು ಜಾಗ ಕೊಟ್ಟರು. ಆಮೇಲೆ ಹತ್ತಿದವರಿಗೆಲ್ಲ, "ಪಾಪ, ಇವನ ನರಕ್ಕೆ ಸಾಕಿದ ನಾಯಿ ಕಚ್ಚಿದೆ" ಎಂದು ಹೇಳುತ್ತಲೇ ಬಂದರು.

ಮೂಡುಬಿದಿರೆಯಲ್ಲಿ ಕಂಡಕ್ಟರ್ ನನ್ನ ಕೈ ಹಿಡಿದು ಇಳಿಸುತ್ತಾ ಕೇಳಿದರು: "ನಾಯಿ ಈಗ ಎಲ್ಲಿ ಉಂಟು ಮಾರಾಯ್ರೆ?"

"ನನ್ನ ಜೊತೆಯೇ ಉಂಟು. ಇಂಜೆಕ್ಷನ್ ಕೊಟ್ಟು ಮಲಗಿಸಿದ್ದೇನೆ."

ಅವರು ಬಗ್ಗಿ ನನ್ನ ಚೀಲದೊಳಗೆ ನೋಡಿದರು.