ಬಸ್ತ್ಯಾಂವ ಉಪದೇಶಿಯ ತಕರಾರು

ಬಸ್ತ್ಯಾಂವ ಉಪದೇಶಿಯವರನ್ನು ನಾನು ಮೊದಲು ಕಂಡಿದ್ದು ೨೦೦೧ರ ಫೆಬ್ರವರಿಯ ಒಂದು ಸೋಮವಾರ, ಶಿರಸಿಯ ನಮ್ಮ ಇಗರ್ಜಿಯ ಹಿಂದಿನ ಜಗಲಿಯಲ್ಲಿ. ಗೋಣಿಚೀಲದ ಮೇಲೆ ಕೂತು, ಮೇಣದಬತ್ತಿ ನಿಲ್ಲಿಸುವ ಹಿತ್ತಾಳೆ ಕಾಲುಗಳಿಂದ ಕರಗಿದ ಮೇಣ ಕೆರೆಯುತ್ತಿದ್ದರು. ಕನ್ನಡಕದ ಎಡಗಾಜು ಬಿರುಕು ಬಿಟ್ಟಿತ್ತು. ನನ್ನ ಹೆಸರು ಕೇಳುವ ಮೊದಲೇ, "ಬರೀಲಿಕ್ಕೆ ಬಂದವನು ನೀನೆಯಾ? ಅಕ್ಷರ ಚೆಂದ ಇದ್ರೆ ಸಾಲ್ದು, ಕೇಳಿದ್ದಷ್ಟೇ ಬರೀಬೇಕು" ಎಂದರು. ನಮ್ಮ ಮನೆಯಲ್ಲಿ ಬಿ.ಎ. ಓದಿದ ಮೊದಲಿಗ ನಾನು. ಮಾತು ಚುಚ್ಚಿತು.

ಬರೆಯಬೇಕಾಗಿದ್ದು ಫಾದರ್ ಸೆಲೆಸ್ತಿನ್ ಅವರ ವಿಷಯ. ಯಲ್ಲಾಪುರದ ಹಳ್ಳಿಗಳಲ್ಲಿ ನಲವತ್ತು ವರ್ಷ ಸೈಕಲ್ ತುಳಿದ ಈ ಪಾದ್ರಿ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಅವರಿಗೆ ಸಂತ ಪದವಿ ಕೇಳಲು ಭಕ್ತರು ಸಾಕ್ಷ್ಯ ಕೂಡಿಸುತ್ತಿದ್ದರು. ಅನಾಥರಾಗಿದ್ದ ಬಸ್ತ್ಯಾಂವರಿಗೆ ಅಕ್ಷರ ಕಲಿಸಿ, ಧರ್ಮಪಾಠ ಹೇಳುವ ಉಪದೇಶಿಯನ್ನಾಗಿ ಮಾಡಿದ್ದು ಅವರೇ. ಫಾದರ್ ಸಂತರಾಗಲಿ ಎಂದು ಇವರಷ್ಟು ಹಂಬಲಿಸಿದವರಿಲ್ಲ. ಆದರೂ ಸಂತ ಪದವಿ ಕೊಡುವ ಹೊಸ ಕ್ರಮದ ಬಗ್ಗೆ ಇವರಿಗೆ ಸದಾ ಅಳುಕು. ಹಿಂದೆ ಸಾವಿನ ನಂತರ ಐವತ್ತು ವರ್ಷ ಕಾಯುತ್ತಿದ್ದರು, ಈಗ ಐದು ಸಾಕು. ಬೇಕಾದ ಪವಾಡಗಳು ಅರ್ಧಕ್ಕಿಳಿದಿವೆ. ರೋಮಿನಲ್ಲಿ ತಕರಾರು ಎತ್ತುವುದಕ್ಕೆಂದೇ ಇದ್ದ ಅಧಿಕಾರಿ, ಜನ ಸೈತಾನನ ವಕೀಲ ಎನ್ನುತ್ತಿದ್ದವನು, ಈಗ ಮೊದಲಿನಂತಿಲ್ಲ. ಅವಸರದಲ್ಲಿ ತಪ್ಪಾದರೆ ಜನರ ಪ್ರಾರ್ಥನೆ ಯಾರಿಗೆ ಮುಟ್ಟುತ್ತದೆ ಎಂಬುದು ಅವರ ಭಯ.

ಮುಂದಿನ ವಾರ ಉಮ್ಮಚಗಿ ಕಡೆಯಿಂದ ರೊಜಿನ್ ಬಾಯಿ ಬಂದರು. ಮಗಳಿಗೆ ಕಾಮಾಲೆಯಾಗಿತ್ತು. ಫಾದರರ ಸಮಾಧಿಯ ಮಣ್ಣು ಹಣೆಗೆ ಹಚ್ಚಿ ಒಂಬತ್ತು ದಿನ ಜಪಸರ ಹೇಳಿದ ಮೇಲೆ ಕಣ್ಣಿನ ಹಳದಿ ಇಳಿಯಿತಂತೆ. ಔಷಧಿ ಕೊಟ್ಟಿದ್ದಿರಾ ಎಂಬ ನನ್ನ ಪ್ರಶ್ನೆಗೆ ಇಲ್ಲ ಎಂದರು. ಹಾಗೇ ಬರೆದೆ. ಶಿಲುಬೆ ಮುಟ್ಟಿ ಹೆಬ್ಬೆಟ್ಟು ಒತ್ತಿದರು.

ಆ ಹಳ್ಳಿಗಳನ್ನೆಲ್ಲ ಬಲ್ಲ ಬಸ್ತ್ಯಾಂವ ಬಾಗಿಲಲ್ಲಿ ನಿಂತಿದ್ದರು. "ಬಾಯಿ, ಖಾಲಿ ಹೊಟ್ಟೆಗೆ ಹಾಲಲ್ಲಿ ಎಂತಾದ್ರೂ ಕೊಟ್ಟಿದ್ಯಾ?"

"ನಮ್ಮೂರ ನಾಟಿ ವೈದ್ಯ ಕೆರಿಯನ ಬೇರಿನ ಮದ್ದು, ಮೂರು ದಿನ."

"ಮತ್ತೆ ಔಷಧಿ ಕೊಡಲಿಲ್ಲ ಅಂದ್ಯಲ್ಲ?"

"ಔಷಧಿ ಅಂದ್ರೆ ಡಾಕ್ಟರ ಬಾಟ್ಲಿದಲ್ವಾ ಉಪದೇಶಿಗಳೇ? ಇದು ಮದ್ದು."

ಆಕೆ ಸುಳ್ಳು ಹೇಳಿರಲಿಲ್ಲ. ನಮ್ಮ ಮನೆಯಲ್ಲೂ ಮಾತು ಹಾಗೆಯೇ. ಇಗರ್ಜಿಯ ಹೊಸ ಪಾದ್ರಿ, ಬರೆದದ್ದು ಹಾಗೇ ಇರಲಿ, ಮೇಲಿನವರು ಪರೀಕ್ಷಿಸುತ್ತಾರೆ ಎಂದರು. ಬುಧವಾರ ಕಾಗದಗಳು ಬಿಷಪ್ಪರಿಗೆ ಹೋಗಬೇಕಿತ್ತು. ಎರಡು ದಿನ ಬಸ್ತ್ಯಾಂವ ಸರಿಯಾಗಿ ಊಟ ಮಾಡಲಿಲ್ಲ. ಬುಧವಾರ ಬೆಳಿಗ್ಗೆ ನನ್ನ ಮೇಜಿನ ಬಳಿ ಬಂದು ನಿಂತರು.

"ಫಾದರ್ರಿಗೆ ನಾನೇ ಅಡ್ಡಗಾಲು ಹಾಕ್ತಿದ್ದೇನೆ ಅನಿಸ್ತದೆ ಮಾರಾಯ. ಆದ್ರೆ ಮೇಲೆ ಕೇಳುವವರು ಕಮ್ಮಿ ಆಗಿದ್ದಾರೆ. ಮದ್ದು ಕೊಟ್ಟಿದ್ರು ಅಂತ ಬರಿ."

ಬರೆದೆ. ಕೆಳಗೆ ಅವರೇ ಸಾಕ್ಷಿಯೆಂದು ಸಹಿ ಹಾಕಿದರು.

ಆ ಪವಾಡ ಲೆಕ್ಕಕ್ಕೆ ಬರಲಿಲ್ಲ. ಫಾದರರ ಪ್ರಕರಣವೂ ಮುಂದೆ ಹೋಗಲಿಲ್ಲ. ಇಗರ್ಜಿಯಲ್ಲಿ ಜನ ಬಸ್ತ್ಯಾಂವರಿಂದ ದೂರ ಕೂರತೊಡಗಿದರು. "ಬಂದ ನೋಡು, ಸೈತಾನನ ವಕೀಲ" ಎಂದು ಅವರಿಗೆ ಕೇಳುವಂತೆಯೇ ಹೇಳುತ್ತಿದ್ದರು. ತಾನು ಮಾಡಿದ್ದು ಸರಿಯೇ ಎಂದು ಅವರು ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ. ಹೌದು ಎನ್ನುತ್ತೇನೆ, ಅವರಿಗೆ ಸಮಾಧಾನವಾಗುವುದಿಲ್ಲ.

ಈಗ ಅವರಿಗೆ ಎಪ್ಪತ್ತು. ಸಿದ್ದಾಪುರದಲ್ಲಿ ಮಗಳ ಮನೆಯಲ್ಲಿದ್ದಾರೆ. ಸತ್ತವರನ್ನು ನೆನೆಯುವ ತಿಂಗಳೆಂದು ಪ್ರತಿ ನವೆಂಬರಿನಲ್ಲಿ ಬಸ್ ಹಿಡಿದು ಶಿರಸಿಗೆ ಬಂದು, ಸಂತರಿಗೆ ಬೇಕಿಲ್ಲದ, ಉಳಿದ ಸತ್ತವರಿಗೆ ಮಾಡಿಸುವ ಪೂಜೆಯನ್ನು ಫಾದರ್ ಸೆಲೆಸ್ತಿನ್ ಅವರ ಆತ್ಮಕ್ಕಾಗಿ ಮಾಡಿಸುತ್ತಾರೆ.