ಜೇಡಿಮಣ್ಣಿನ ಮೇಡಂ

ಪ್ರಯೋಗಾಲಯದಲ್ಲಿ ಅವರಿಗೆ ಜೇಡಿಮಣ್ಣಿನ ಮೇಡಂ ಎಂದೇ ಹೆಸರು. ಬಣ್ಣದ ಕಾರ್ಖಾನೆಯ ವಿಷನೀರನ್ನು ಗಾಜಿನ ಜಾಡಿಗಳಿಗೆ ಸುರಿದು, ಚಿಟಿಕೆ ಜೇಡಿಪುಡಿ ಕದಡಿ, ಮೇಲೆ ಪುಟಾಣಿ ನೀರುಗಿಡಗಳನ್ನು ತೇಲಿಬಿಡುತ್ತಾರೆ. ಮಣ್ಣು ವಿಷವನ್ನು ಹಿಡಿದುಕೊಂಡು ತಳ ಸೇರಿ ಗಿಡ ಹಸಿರಾಗಿಯೇ ಉಳಿದರೆ, ಮೇಡಂ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಕೋಟು, ಕನ್ನಡಕ, ಹುಬ್ಬು, ಎಲ್ಲೆಲ್ಲೂ ಜೇಡಿ. "ಈ ಚಹಾಕ್ಕೂ ಅದನ್ನೇ ಕದಡಿದ್ದೀಯೇನೇ?" ಎಂದು ಮನೆಯಲ್ಲಿ ಗಂಡ ರೇಗಿದರೆ, "ಕುಡೀರಿ, ನಿಮ್ಮ ಸಿಟ್ಟೂ ತಳ ಸೇರುತ್ತೆ" ಎನ್ನುತ್ತಾರೆ. ಆದರೆ ಪ್ರತಿ ಸಲವೂ ಹೋಲಿಕೆಗೆಂದು ಒಂದು ಜಾಡಿಗೆ ವಿಷ ಮಾತ್ರ ಹಾಕಬೇಕು, ಮಣ್ಣು ಹಾಕುವಂತಿಲ್ಲ. ಅದರಲ್ಲಿನ ಗಿಡದ ಎಲೆಗಳು ಬಿಳಿಚಿಕೊಳ್ಳುವ ದಿನ ಮೇಡಂ ಊಟಕ್ಕೂ ಏಳದೆ ಪಕ್ಕದಲ್ಲೇ ಕುಳಿತು, ಯಾರಿಗೂ ಕೇಳಿಸದಂತೆ ಹೇಳುತ್ತಾರೆ: "ಬೇಜಾರು ಮಾಡ್ಕೋಬೇಡ ಕಣಮ್ಮ. ಉಳಿದವರನ್ನ ಮಣ್ಣೇ ಕಾಪಾಡ್ತು ಅನ್ನೋದಕ್ಕೆ ನೀನೊಬ್ಬಳೇ ಸಾಕ್ಷಿ."