ಕಪ್ಪೆಯ ಕಿವಿಯಲ್ಲಿ ಕುರ್ರ್

ಅಂಗೈ ಮೇಲಿದ್ದ ಕಪ್ಪೆಯನ್ನು ಆ ಹುಡುಗಿ ನಮ್ಮ ಮುಂದೆ ಹಿಡಿದಳು. ಹೆಬ್ಬೆರಳಿನ ತುದಿಯಷ್ಟಿತ್ತು, ಬಣ್ಣ ಹಳ್ಳದ ಕಲ್ಲಿನದೇ. ಕಲಘಟಗಿ ಕಡೆಯ ನಮ್ಮೂರ ಗುಡ್ಡದ ಹಳ್ಳದಲ್ಲಿ ನಾನು, ನಮ್ಮ ಅತ್ತೆ ಬಟ್ಟೆ ಒಗೆಯುತ್ತಿದ್ದೆವು. ಕಳೆದ ಮಳೆಗಾಲದಿಂದ ಆ ಹುಡುಗಿ ಕಪ್ಪೆಗಳ ಅಧ್ಯಯನಕ್ಕೆಂದು ಅಲ್ಲಿಗೆ ಬರುತ್ತಿದ್ದಳು.

"ಇದರ ಪರೀಕ್ಷೆ ಎಲ್ಲಾ ಮುಗದಾವ್ರಿ ಅಜ್ಜಿ. ಇದು ಹೊಸಾ ಜಾತಿ. ಜಗತ್ತಿನ್ಯಾಗ ಯಾರೂ ಇದಕ್ಕ ಇನ್ನೂ ಹೆಸರಿಟ್ಟಿಲ್ಲ."

ಕಲ್ಲಿನ ಸಂದಿಯಿಂದ ಬರುವ ಟಿಕ್ ಟಿಕ್ ಸದ್ದನ್ನು ಇಷ್ಟು ವರ್ಷ ನಾವು ಯಾವುದೋ ಹುಳದ್ದೆಂದೇ ತಿಳಿದಿದ್ದೆವು. ಅದು ಇದರ ದನಿಯಂತೆ. ಅತ್ತೆ ಕೈಯ ಸೋಪು ತೊಳೆದುಕೊಂಡು, ತಲೆ ಮೇಲೆ ಸೆರಗು ಹೊದ್ದು ಕೇಳಿದರು: "ಇದರ ಕಿವಿ ಎಲ್ಲೈತಿ ಯವ್ವಾ?"

ಹುಡುಗಿ ಕಣ್ಣಿನ ಹಿಂದಿನ ಸಣ್ಣ ದುಂಡನೆಯ ಗುರುತು ತೋರಿಸಿದಳು.

ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಅದರ ಕಿವಿಯಲ್ಲಿ ಮೊದಲು ಕುರ್ರ್ ಎಂದು, ಆಮೇಲೆ ಹೆಸರು ಹೇಳುತ್ತಾಳೆ. ಅತ್ತೆ ಬಾಗಿ, ಆ ಗುರುತಿನ ಹತ್ತಿರ ಬಾಯಿ ತಂದು, ಮೆಲ್ಲಗೆ ಕುರ್ರ್ ಎಂದರು. ಕಪ್ಪೆಯ ಗಂಟಲು ಪಟಪಟ ಬಡಿಯುತ್ತಿತ್ತು. ಹೆಸರನ್ನು ಆ ಹುಡುಗಿಗೇ ಬಿಟ್ಟರು. ಆಕೆ ಕೈಯನ್ನು ಕಲ್ಲಿಗೆ ತಾಗಿಸಿದಳು. ಕಪ್ಪೆ ನೀರಿಗೆ ಜಿಗಿಯಿತು.

ಮೊನ್ನೆ ವಿಜ್ಞಾನ ಪತ್ರಿಕೆಯಲ್ಲಿ ಕಪ್ಪೆಯ ಹೆಸರು ಅಚ್ಚಾಯಿತೆಂದು ಆಕೆಯ ಫೋನ್ ಬಂತು. ನಾಲಿಗೆ ಹೊರಳದ ಉದ್ದನೆಯ ಹೆಸರು, ನನಗೆ ನೆನಪುಳಿಯಲಿಲ್ಲ. ಅತ್ತೆ ಮಾತ್ರ ಕುರ್ರ್ ಎಂದ ದಿನದಿಂದ ಹಳ್ಳಕ್ಕೆ ಬಟ್ಟೆ ಒಯ್ದಿಲ್ಲ, ಮನೆಯ ನಳದ ಕೆಳಗೇ ಒಗೆಯುತ್ತಾರೆ. ಯಾಕೆಂದು ಕೇಳಿದ್ದಕ್ಕೆ, ಕೂಸಿರೋ ಮನ್ಯಾಗ ಯಾರರೆ ಸೋಪಿನ ನೀರು ಚೆಲ್ಲತಾರೇನು ಎಂದರು.